ಷಡ್ಡಕರ ಸಂಬಳ ಎಷ್ಟಂತೆ?

ಇನ್‌ಕ್ರಿಮೆಂಟ್ ಬಂತಂತಲ್ಲ! ಮತ್ತೆ ಸ್ವೀಟ್ ಬಾಕ್ಸ್ ಎಲ್ರೀ? ಓಹೋ, ನಿಮ್ಮ ಷಡ್ಡಕರಿಗೂ ಬಂತಾ? ಅದೂ ನಿಮಗಿಂತ ಎರಡು ಸಾವಿರ ಜಾಸ್ತಿ? (ಸುದ್ದಿ ಮುಟ್ಟಿಸಿದ್ದು ಮನೆಯವರೇ ತಾನೆ, ಒಗ್ಗರಣೆ ಹಾಕ್ತಾ ಹಾಕ್ತಾ?)

ಸಂಕೋಚ ಬೇಡ, ಈ ಹೊಟ್ಟೆಯುರಿ ಅಮೆರಿಕದಲ್ಲೂ ಇದೆ. ಸಾಹುಕಾರಿಕೆ ಅಳೆಯೋಕೆ ಹೆಂಡ್ತಿ ತಂಗಿಯ ಗಂಡನೇ ಸರಿಯಾದ ಅಳತೆಗೋಲು ಅಂತ ಅಲ್ಲಿನ ಪತ್ರಕರ್ತ ಎಚ್.ಎಲ್. ಮೆಂಕೆನ್ ಯಾವತ್ತೋ ಚೇಷ್ಟೆ ಮಾಡಿದ್ದ. ನ್ಯೂಮಾರ್ಕ್, ಪೋಸ್ಲ್‌ವೇಟ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 1998ರಲ್ಲಿ ಲೆಕ್ಕಾನೇ ಹಾಕಿ ನೋಡಿದ್ರು. ಅಕ್ಕನೋ ತಂಗಿಯೋ ಕಟ್ಟಿಕೊಂಡವನು ತಮ್ಮ ಗಂಡನಿಗಿಂತ ಹೆಚ್ಚು ದುಡಿತಿದ್ರೆ, ಹೆಂಗಸರು ತಾವೇ ಕೆಲಸಕ್ಕೆ ಹೊರಡೋದು ಜಾಸ್ತಿಯಂತೆ!

ಅದೇ ವರ್ಷ ಹಾರ್ವರ್ಡ್‌ನಲ್ಲಿ ಸೋಲ್ನಿಕ್, ಹೆಮೆನ್‌ವೇ ಅನ್ನೋ ಸಂಶೋಧಕರು ಒಂದು ಪ್ರಶ್ನೆ ಕೇಳಿದ್ದು ಪ್ರಕಟವಾಯ್ತು. ನಿಮಗೆ ವರ್ಷಕ್ಕೆ 50 ಸಾವಿರ ಡಾಲರ್, ಮಿಕ್ಕವರಿಗೆ 25 ಸಾವಿರ. ಇಲ್ಲಾ ನಿಮಗೆ ಒಂದು ಲಕ್ಷ, ಮಿಕ್ಕವರಿಗೆ ಎರಡು ಲಕ್ಷ. ಸಾಮಾನಿನ ರೇಟು ಎರಡೂ ಕಡೆ ಒಂದೇ. ಯಾವುದು ಬೇಕು? ಹೆಚ್ಚುಕಮ್ಮಿ ಅರ್ಧ ಜನ 50 ಸಾವಿರಕ್ಕೇ ಕೈ ಎತ್ತಿದ್ರು. (ನೀವೂ ಮನಸ್ಸಲ್ಲೇ ಎತ್ತಿದ್ರಿ, ನಂಗೊತ್ತು.)

ಮಜಾ ಇರೋದು ಮುಂದೆ. ಅವರನ್ನೇ ರಜೆ ಬಗ್ಗೆ ಕೇಳಿದ್ರು. ನಿಮಗೆ ಎರಡು ವಾರ, ಮಿಕ್ಕವರಿಗೆ ಒಂದು. ಇಲ್ಲಾ ನಿಮಗೆ ನಾಲ್ಕು, ಮಿಕ್ಕವರಿಗೆ ಎಂಟು. ಇಲ್ಲಿ ಹೆಚ್ಚಿನವರು ‘ನಾಲ್ಕು ವಾರ ಕೊಡಿ ಸಾಕು’ ಅಂದ್ರು. ಪಕ್ಕದವನು ಎಂಟು ವಾರ ಬಿದ್ದುಕೊಂಡಿರಲಿ, ಯಾರಿಗೇನು?

ಈಗ ನಿಮ್ಮ ವಿಷಯಕ್ಕೆ ಬರೋಣ. ಹದಿನೈದು ದಿನದ ಇ.ಎಲ್. ಎನ್‌ಕ್ಯಾಶ್ ಮಾಡಿಸಿ ಕಾರಿನ ಡೌನ್ ಪೇಮೆಂಟಿಗೆ ಸುರಿದ್ರಲ್ಲ, ಹಳೇ ಕಾರಿಗೇನಾಗಿತ್ತು? ಸನ್‌ರೂಫ್ ಇರಲಿಲ್ಲ, ಅಷ್ಟೇ ತಾನೆ? (ಷಡ್ಡಕರ ಕಾರಿಗಿದೆ.) ಯಾರ ಜೊತೆಗೂ ಹೋಲಿಸದೆ ಸುಖಪಡಬಹುದಾಗಿದ್ದ ಒಂದೇ ಒಂದು ಐಟಂ ರಜೆ, ಅದನ್ನೇ ಮಾರಿಬಿಟ್ರಿ. ಸಕಲೇಶಪುರದ ಹೋಮ್‌ಸ್ಟೇ ಹೋಯ್ತು, ಮಧ್ಯಾಹ್ನದ ನಿದ್ದೆ ಹೋಯ್ತು, ಐದು ವರ್ಷದ ಇಎಂಐ ಬಂತು. ಸನ್‌ರೂಫ್ ತೆಗೆದ್ರೆ ಸಿಲ್ಕ್ ಬೋರ್ಡ್ ಹೊಗೆ ಫ್ರೀ.

ಅಂದ ಹಾಗೆ, ಅವರಿಗೆ ನೀವೂ ಷಡ್ಡಕರೇ ಅಲ್ವೇ? ನಿಮ್ಮ ತರ್ಟಿ-ಫಾರ್ಟಿ ಸೈಟಿನ ಸುದ್ದಿ ಮೊನ್ನೆ ಫೋನಲ್ಲಿ ಆ ಮನೆ ತಲುಪಿದೆ. ಅವತ್ತು ರಾತ್ರಿ ಅಲ್ಲಿ ಯಾರಿಗೂ ಊಟ ಸೇರಲಿಲ್ಲವಂತೆ. (ಏನ್ರೀ, ನಗ್ತಿದೀರಾ?)