ಒತ್ತಡ ಮೀಮಾಂಸೆ: ಸೋಮನೂರು ಖಂಡ

ಒತ್ತಡ ಗುಂಪು ಎಂಬ ತತ್ತ್ವ ತಮ್ಮ ಮನೆಯ ಆಸ್ತಿ ಎಂದು ಅಮೆರಿಕದ ಪಂಡಿತರು ನಂಬಿದ್ದಾರೆ. ಬಣಗಳ ಬೇರು ಕೀಳಲಾಗದು, ಕಾಟವನ್ನಷ್ಟೇ ಹತೋಟಿಯಲ್ಲಿಡಬಹುದು ಎಂದು ಜೇಮ್ಸ್ ಮ್ಯಾಡಿಸನ್ 1787ರಲ್ಲೇ, ಹತ್ತನೆಯ ಫೆಡರಲಿಸ್ಟ್ ಪ್ರಬಂಧದಲ್ಲಿ ಸೂತ್ರ ರಚಿಸಿಬಿಟ್ಟರು. 1908ರಲ್ಲಿ ಆರ್ಥರ್ ಬೆಂಟ್ಲಿ ಭಾಷ್ಯ ಬರೆದರು, 1951ರಲ್ಲಿ ಡೇವಿಡ್ ಟ್ರೂಮನ್ ಟೀಕೆ, 1965ರಲ್ಲಿ ಮ್ಯಾನ್ಕರ್ ಓಲ್ಸನ್ ಟೀಕೆಯ ಮೇಲೊಂದು ಟೀಕೆ. ಇವರಲ್ಲಿ ಒಬ್ಬರಾದರೂ ಕರುಮತ್ತಂಪಟ್ಟಿಯಲ್ಲಿ ಬಸ್ಸಿಳಿದು, ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಮಗ್ಗದ ಊರಾದ ಸೋಮನೂರಿಗೆ ಬಂದ ದಾಖಲೆಯಿಲ್ಲ. ಶಾಸ್ತ್ರ ಅರೆಬೆಂದು ಉಳಿದದ್ದು ಆ ಕಾರಣದಿಂದ. ಉಳಿದರ್ಧವನ್ನು ಬೇಯಿಸುವುದೇ ಈ ಪ್ರಬಂಧದ ಪ್ರಯೋಜನ.

ಮೊದಲು ವಸ್ತುನಿರ್ದೇಶ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಸುಮಾರು ಎರಡು ಲಕ್ಷ ವಿದ್ಯುತ್ ಮಗ್ಗಗಳಿವೆ. ಬಹುಪಾಲು ಕೂಲಿ ನೆಯ್ಗೆಯವು. ಜವಳಿ ಉತ್ಪಾದಕರು ನೂಲು ಕೊಡುತ್ತಾರೆ, ಮಗ್ಗದವರು ನೆಯ್ದು ಬಟ್ಟೆ ಒಪ್ಪಿಸಿ ಕೂಲಿ ಪಡೆಯುತ್ತಾರೆ. ಮಗ್ಗ ತನ್ನದು, ಶೆಡ್ಡು ತನ್ನದು, ಸಾಲವಂತೂ ಖಂಡಿತ ತನ್ನದೇ; ನೂಲು ಮಾತ್ರ ಪರರದು. ಆದ್ದರಿಂದ ಮಗ್ಗದ ಯಜಮಾನ ಬಂಡವಾಳಗಾರನೋ ಕೂಲಿಕಾರನೋ ಎಂಬ ಪ್ರಶ್ನೆ ಏಳುತ್ತದೆ. ಬೆಳಿಗ್ಗೆ ಉತ್ಪಾದಕನ ಮುಂದೆ ಕೂಲಿ ಹೆಚ್ಚಿಸಿ ಎನ್ನುವವನೂ ಅವನೇ, ಸಂಜೆ ತನ್ನ ಮಗ್ಗದ ಆಳು ಅದೇ ಮಾತು ಎತ್ತಿದಾಗ ಛಾವಣಿ ನೋಡುವವನೂ ಅವನೇ. ಒಬ್ಬ ಮನುಷ್ಯ ಹಲವು ಗುಂಪುಗಳಿಗೆ ಸೇರಿರುವುದರಿಂದ ಯಾವ ಗುಂಪೂ ಅತಿರೇಕಕ್ಕೆ ಹೋಗದು ಎಂದರು ಟ್ರೂಮನ್. ಎರಡು ಗುಂಪೂ ಒಂದೇ ಲುಂಗಿಯೊಳಗೆ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಇಲ್ಲೊಂದು ಉಪಪ್ರಕರಣ. ಈ ಸೀಮೆಯ ನೇಕಾರರಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗದವರೂ ಇದ್ದಾರೆ. ಜಗಳ ಕನ್ನಡದಲ್ಲಿ, ಘೋಷಣೆ ತಮಿಳಿನಲ್ಲಿ. ಮನೆಯೊಳಗೇ ಇನ್ನೊಂದು ಇಬ್ಭಾಗವೂ ಉಂಟು. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟು, ವಿದ್ಯುತ್ ಮಗ್ಗ ಅವನ್ನು ನೇಯಬಾರದೆಂದು ಸಂಸತ್ತು 1985ರಲ್ಲಿ ಕಾಯಿದೆ ಮಾಡಿತಷ್ಟೆ. ಅಜ್ಜ ಕೈಮಗ್ಗದವನು, ಮೊಮ್ಮಗ ಪವರ್‌ಲೂಮಿನವನು ಎಂದಾದರೆ, ಒಂದೇ ಜಗಲಿಯಲ್ಲಿ ಎರಡು ಎದುರಾಳಿ ಒತ್ತಡ ಗುಂಪುಗಳು ಎಲೆಯಡಿಕೆ ಹಂಚಿಕೊಂಡು ಕೂತಂತಾಯಿತು.

ಈಗ ಓಲ್ಸನ್ ಮಹಾಶಯರ ಖಂಡನೆ. ದೊಡ್ಡ ಗುಂಪು ಸುಲಭಕ್ಕೆ ಒಗ್ಗೂಡದು, ಏಕೆಂದರೆ ಹೋರಾಟ ಬೇರೆಯವರದು ಫಲ ನನ್ನದು ಎಂದು ಪ್ರತಿಯೊಬ್ಬನೂ ಮನೆಯಲ್ಲೇ ಕೂರುತ್ತಾನೆ ಎಂಬುದು ಅವರ ವಾದ. ವಾಷಿಂಗ್ಟನ್ನಿನಲ್ಲಿ ಸರಿಯಿರಬಹುದು. ಸೋಮನೂರಿನಲ್ಲಿ ಮುಷ್ಕರದ ದಿನ ಬಾಗಿಲು ಹಾಕಿಕೊಂಡು ಗುಟ್ಟಾಗಿ ಮಗ್ಗ ಓಡಿಸಿ ನೋಡಲಿ. ಲಾಳಿ ಹೊಡೆದುಕೊಳ್ಳುವ ಖಟಖಟ ಮೂರು ಬೀದಿಯಾಚೆ ಹೋಗಿ ಯಜಮಾನನ ಹೆಸರು ಹೇಳುತ್ತದೆ. ಸ್ವಾರ್ಥಿಯನ್ನು ಹಿಡಿಯಲು ಕಿವಿಯೊಂದಿದ್ದರೆ ಸಾಕಾದ ಉದ್ಯಮ ಇದು. ಮುಂದೆ ಸದ್ದಿಲ್ಲದ ಮಗ್ಗಗಳು ಬಂದಾಗ ಓಲ್ಸನ್ ಗೆಲ್ಲಬಹುದು. ಅಲ್ಲಿಯವರೆಗೆ ಈ ಖಂಡನೆ ಅಖಂಡ.

ಒತ್ತಡದ ಮಾನ ಯಾವುದು? ಅಮೆರಿಕದಲ್ಲಿ ಡಾಲರು. ಚುನಾವಣೆಗೆಂದು ಕಂಪನಿಗಳು ಸ್ವತಂತ್ರವಾಗಿ ಖರ್ಚು ಮಾಡುವುದು ವಾಕ್‌ಸ್ವಾತಂತ್ರ್ಯದೊಳಗೇ ಬರುತ್ತದೆಂದು ಅಲ್ಲಿನ ಸುಪ್ರೀಂ ಕೋರ್ಟು 2010ರಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿ ಹಣ ಮಾತಾಗುತ್ತದೆ. ಇಲ್ಲಿ ಮಾತು ಹಣವಾಗಬೇಕು, ಆಗುವುದು ತಡ. 2021ರ ನವೆಂಬರಿನ ಮಾತುಕತೆಯಲ್ಲಿ ಸೋಮನೂರು ರಕದ ಬಟ್ಟೆಗೆ ಶೇ. 23, ಪಲ್ಲಡಂ ರಕದ್ದಕ್ಕೆ ಶೇ. 20 ಕೂಲಿ ಏರಿಕೆ ನಿಶ್ಚಯವಾಯಿತು. ಘೋಷಿಸಿದ ಕೂಲಿ ಕೊಡಲಿಲ್ಲವೆಂದು 2022ರ ಜನವರಿಯಲ್ಲಿ ಮಗ್ಗಗಳು ನಿಂತವು. 2025ರ ಮಾರ್ಚ್ 19ರಿಂದ ಮತ್ತೆ ನಿಂತವು, ಏಪ್ರಿಲಿನಲ್ಲಿ ಉಪವಾಸವೂ ನಡೆಯಿತು. ತಿಂಗಳು ದಾಟಿದ ಮೇಲೆ ಸೋಮನೂರು ರಕಕ್ಕೆ ಶೇ. 15, ಇತರ ರಕಕ್ಕೆ ಶೇ. 10 ಎಂದಾಯಿತು. ಒಪ್ಪಂದಕ್ಕೆ ಕಾನೂನಿನ ಬಲ ಕೊಡಿ ಎಂಬ ಬೇಡಿಕೆ ಮಾತ್ರ ಹಳೆಯದಾಗುತ್ತಲೇ ಇದೆ. ಕಾನೂನಿಲ್ಲದ ಒಪ್ಪಂದವನ್ನು ನಮ್ಮ ಶಾಸ್ತ್ರ ಪುನರ್ಜನ್ಮವುಳ್ಳ ಒಪ್ಪಂದ ಎಂದು ವರ್ಗೀಕರಿಸುತ್ತದೆ.

ಸರ್ಕಾರದ ಮೇಲೆ ಒತ್ತಡ ಫಲಿಸುವುದೇ ಇಲ್ಲವೇ ಎಂದರೆ, ಫಲಿಸುತ್ತದೆ, ಕಾಲಜ್ಞಾನವಿದ್ದರೆ. ತಮಿಳುನಾಡಿನಲ್ಲಿ ವಿದ್ಯುತ್ ಮಗ್ಗಕ್ಕೆ ಎರಡು ತಿಂಗಳಿಗೆ 750 ಯೂನಿಟ್ ಕರೆಂಟು ಉಚಿತವಾಗಿತ್ತು. 2023ರ ಫೆಬ್ರವರಿ 27ರಂದು ನೇಕಾರರ ನಾಡಾದ ಈರೋಡ್ ಪೂರ್ವದಲ್ಲಿ ಉಪಚುನಾವಣೆಯ ಮತದಾನ. ಮಾರ್ಚಿನಿಂದ 1000 ಯೂನಿಟ್ ಉಚಿತ. ಎರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ನೈಯಾಯಿಕರು ಹೊಗೆ ಕಂಡಾಗ ಏನು ಊಹಿಸುತ್ತಾರೋ ಅದು ಅವರಿಗೇ ಬಿಟ್ಟದ್ದು. ಆದರೆ ಮುಷ್ಕರ ಹೂಡಿದ ಮಗ್ಗಕ್ಕೆ ಸಾವಿರ ಯೂನಿಟ್ ಉಚಿತ ಕೊಟ್ಟರೂ ಫ್ಯಾನು ತಿರುಗೀತು, ಅಷ್ಟೆ.

ಕಡೆಗೆ ಅನುಷ್ಠಾನ ಭಾಗ. ಅಮೆರಿಕದಲ್ಲಿ 1995ರ ಕಾಯಿದೆಯಂತೆ ಲಾಬಿಗಾರರು ನೋಂದಾಯಿಸಿಕೊಂಡು, ಯಾರ ಪರ, ಯಾವ ವಿಷಯ, ಎಷ್ಟು ಹಣ ಎಂದು ವರದಿ ಒಪ್ಪಿಸಬೇಕು. ಆ ಮಾದರಿಯಲ್ಲಿ ಸೋಮನೂರಿನ ಮಗ್ಗದ ಯಜಮಾನನಿಗೊಂದು ನಮೂನೆಯನ್ನು ನಾವೇ ತುಂಬಿಕೊಟ್ಟಿದ್ದೇವೆ. ಕಕ್ಷಿದಾರ: ಸ್ವತಃ. ಎದುರುಕಕ್ಷಿ: ಉತ್ಪಾದಕರು, ಸಂಜೆಯ ಮೇಲೆ, ಸ್ವತಃ. ಭೇಟಿಯಾದ ಅಧಿಕಾರಿಗಳು: ಇಬ್ಬರು ಕಲೆಕ್ಟರು, ಸಚಿವರು. ಖರ್ಚು: ಒಂದು ತಿಂಗಳ ಕೂಲಿ. ಆದಾಯ: ಶೇ. 15, ಕೈಗೆ ಬಂದ ದಿನ ನಮೂದಿಸತಕ್ಕದ್ದು. ಸಹಿ: ಮೂರು ಪ್ರತಿಗಳಲ್ಲಿ.