ಎಂಟನೆಯ ರಸವಿಘ್ನ: ಕಾದಂಬರಿ ಓದಿದವರೊಡನೆ ಮನೆಯಲ್ಲಿ ಸಿನಿಮಾ ನೋಡುವ ಶಾಸ್ತ್ರ

ರಸಾನುಭವಕ್ಕೆ ಅಡ್ಡ ಬರುವ ವಿಘ್ನಗಳು ಏಳು ಎಂದು ಅಭಿನವಗುಪ್ತ ಎಣಿಸಿಟ್ಟು ಸಾವಿರ ವರ್ಷವಾಯಿತು. ನಂಬಲಾಗದ ಕಥೆ, ನೋಡುವವನ ಸ್ವಂತ ಸುಖದುಃಖ, ಬಗೆಹರಿಯದ ಸಂಶಯ, ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಕಾಶ್ಮೀರದ ಆ ಮಹಾಪಂಡಿತನ ಮನೆಯಲ್ಲಿ ಟಿ.ವಿ. ಇರಲಿಲ್ಲ, ರಿಮೋಟು ಇರಲಿಲ್ಲ, 'ಕಾದಂಬರೀಲಿ ಹೀಗಿಲ್ಲ' ಎನ್ನುವ ಚಿಕ್ಕಪ್ಪನೂ ಇದ್ದಂತೆ ಕಾಣುವುದಿಲ್ಲ. ಹಾಗಾಗಿ ಎಂಟನೆಯ ವಿಘ್ನವೊಂದು ದಾಖಲೆಗೆ ಬಾರದೆ ಉಳಿದುಹೋಯಿತು. ಈ ಪ್ರಬಂಧವು ಅದಕ್ಕೆ 'ಪೂರ್ವಪಠಿತ ವಿಘ್ನ' ಎಂದು ನಾಮಕರಣ ಮಾಡುತ್ತದೆ.

ಮೊದಲು ಸ್ಥಳವಿಚಾರ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಮಂಟಪ ಸಾಕು, ಅದಕ್ಕಿಂತ ದೊಡ್ಡದಾದರೆ ನಟನ ಮಾತು ಕೇಳಿಸದು ಎಂದು ಭರತಮುನಿ ಎಚ್ಚರಿಸಿದ್ದಾನೆ. ಮನೆಯ ಹಾಲ್‌ನಲ್ಲಿ ತೊಂದರೆ ತಿರುವುಮುರುವು. ಅಲ್ಲಿ ಪ್ರೇಕ್ಷಕನ ಮಾತೂ ಕೇಳಿಸುತ್ತದೆ.

ಪ್ರಯೋಗ ಕೆಡಿಸುವ 'ಘಾತ'ಗಳನ್ನೂ ನಾಟ್ಯಶಾಸ್ತ್ರ ವಿಂಗಡಿಸಿದೆ. ಗಾಳಿ, ಬೆಂಕಿ, ಮಳೆ, ಆನೆ, ಹಾವು, ಇರುವೆ ಇವೆಲ್ಲ ದೈವಘಾತ. ಕರೆಂಟು ಹೋಗುವುದು, ಬಫರಿಂಗ್ ಚಕ್ರ ತಿರುಗುವುದು, ಕ್ಲೈಮ್ಯಾಕ್ಸಿಗೆ ಸರಿಯಾಗಿ ಗ್ಯಾಸ್ ಸಿಲಿಂಡರಿನವನು ಬೆಲ್ ಒತ್ತುವುದು, ಇವನ್ನೂ ಅಲ್ಲಿಗೇ ಸೇರಿಸಬಹುದು. ಅತಿಯಾಗಿ ನಗುವುದು, ಸಗಣಿ, ಹೆಂಟೆ, ಇರುವೆಗಳನ್ನು ಎರಚುವುದು ಶತ್ರುಘಾತ. ಚಿಕ್ಕಪ್ಪ ಯಾವ ಗುಂಪಿಗೂ ಸೇರುವುದಿಲ್ಲ. ಆತ ಇರುವೆ ಎರಚುವುದಿಲ್ಲ, ಮಂಡಕ್ಕಿ ತಿನ್ನುತ್ತಾನೆ. ಶತ್ರುವೂ ಅಲ್ಲ, ಟಿ.ವಿ. ಕೊಡಿಸಿದವನೇ ಆತ.

ಈ ವಿಘ್ನಕ್ಕೆ ಒಂದು ಚರಿತ್ರೆಯಿದೆ. ಭಾನುವಾರ ಮಧ್ಯಾಹ್ನ ದೂರದರ್ಶನವು ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ತೋರಿಸುತ್ತಿದ್ದ ಕಾಲದಲ್ಲಿ ಸಿನಿಮಾ ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಟಿಪ್ಪಣಿ ಹೇಳುವವರು ಸಂಭಾಷಣೆಯ ಮೇಲೆಯೇ ಹೇಳಬೇಕಿತ್ತು. ಮನೆಯವರೆಲ್ಲ ಒಟ್ಟಾಗಿ 'ಶ್!' ಎಂದರೆ ಸುಮ್ಮನಾಗಬೇಕಿತ್ತು. ವಿ.ಸಿ.ಆರ್. ಬಂದು ಅವರ ಕೈಗೆ ಪಾಜ್ ಬಟನ್ ಕೊಟ್ಟಿತು. ಒಟಿಟಿ ಬಂದ ಮೇಲೆ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ನಿರ್ದೇಶಕನ ಅಪರಾಧವನ್ನು ಮತ್ತೊಮ್ಮೆ ತೋರಿಸುವ ಸೌಕರ್ಯವೂ ದಕ್ಕಿತು. ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ, ವ್ಯಾಖ್ಯಾನವು ಮೂಲಗ್ರಂಥಕ್ಕಿಂತ ದೀರ್ಘವಾಯಿತು.

ಇನ್ನು ಪೂರ್ವಪಕ್ಷ: ಕಾದಂಬರಿಯಲ್ಲಿ ಇದ್ದದ್ದೆಲ್ಲ ತೆರೆಯ ಮೇಲೆ ಬರಬೇಕು. ಈ ಪಕ್ಷಕ್ಕೆ ದೊಡ್ಡ ದೊಡ್ಡವರ ಬಲವಿದೆ. ಪುಟ್ಟಣ್ಣ ಕಣಗಾಲ್ 1972ರ 'ನಾಗರಹಾವು' ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕಲಸಿದರು. ಅದನ್ನು ನೋಡಿದ ತ.ರಾ.ಸು. ತಮ್ಮ ನಾಗರಹಾವು ಕೇರೆಹಾವಾಯಿತೆಂದು ಮುನಿಸಿಕೊಂಡ ಕಥೆ ಗಾಂಧಿನಗರದಲ್ಲಿ ಇಂದಿಗೂ ಓಡಾಡುತ್ತಿದೆ. ಆರ್.ಕೆ. ನಾರಾಯಣ್ ಅಂತೂ, ಮಾಲ್ಗುಡಿಯ ಆಸುಪಾಸಿನ ಕಥೆಯನ್ನು 'ಗೈಡ್' ಚಿತ್ರದವರು ರಾಜಸ್ಥಾನಕ್ಕೆ ಸಾಗಿಸಿದರೆಂದು ಒಂದು ಪ್ರಬಂಧವನ್ನೇ ಬರೆದರು. ಆದರೆ ಲೇಖಕರ ಸಿಟ್ಟು ಬೇರೆ, ಚಿಕ್ಕಪ್ಪಂದಿರ ಸಿಟ್ಟು ಬೇರೆ. ಮೂರು ಕಾದಂಬರಿಗಳಲ್ಲಿ ಒಂದನ್ನು ಮಾತ್ರ ಓದಿದವರೇ ಉಳಿದೆರಡರ ಪರವಾಗಿಯೂ ವಾದಿಸುವುದನ್ನು ಕಾಣಬಹುದು. ಅರ್ಧ ಓದಿದವರ ವಿಘ್ನ ಪೂರ್ತಿ ಓದಿದವರ ವಿಘ್ನಕ್ಕಿಂತ ಉದ್ದ. ಪೂರ್ತಿ ಓದಿದವರಿಗೆ ಕಾದಂಬರಿಯಲ್ಲೂ ಬೇಸರ ಹುಟ್ಟಿಸುವ ಪುಟಗಳಿದ್ದವೆಂಬುದು ಗೊತ್ತಿರುತ್ತದೆ.

ವಿಘ್ನವಿಲ್ಲದ ನೋಟಕ್ಕೆ ನಿದರ್ಶನ 'ಬೆಟ್ಟದ ಹೂವು' (1985). ಎನ್. ಲಕ್ಷ್ಮೀನಾರಾಯಣ್ ಅವರ ಈ ಚಿತ್ರಕ್ಕೆ ಆಧಾರ ಶರ್ಲಿ ಅರೋರಾ ಎಂಬ ಅಮೆರಿಕನ್ ಲೇಖಕಿಯ ಇಂಗ್ಲಿಷ್ ಕಾದಂಬರಿ. ಬೆಟ್ಟ ಹತ್ತಿ ಹೂವು ತಂದು ಮಾರುವ ರಾಮು ಕಾಸು ಕೂಡಿಸುವುದು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವುದಕ್ಕೆ. ಇಂಗ್ಲಿಷಿನಿಂದ ಮಲೆನಾಡಿಗೆ ಬರುವಾಗ ಏನೇನು ಬದಲಾಯಿತೆಂದು ಯಾವ ಚಿಕ್ಕಪ್ಪನೂ ಪಾಜ್ ಒತ್ತಿ ವಿವರಿಸುವುದಿಲ್ಲ, ಮೂಲ ಓದಿದವರು ಊರಿಗೆ ಒಬ್ಬರೂ ಸಿಗುವುದಿಲ್ಲ. ರಾಮುವಾಗಿ ನಟಿಸಿದ ಪುನೀತ್ ಮುಖ ನೋಡುತ್ತ ಮನೆಮಂದಿಯೆಲ್ಲ ಅಡೆತಡೆಯಿಲ್ಲದೆ ಕಣ್ಣೊರೆಸಿಕೊಳ್ಳುತ್ತಾರೆ. ವಿಘ್ನದ ಮೂಲ ಚಿತ್ರದಲ್ಲಿಲ್ಲ, ಸೋಫಾದಲ್ಲಿದೆ ಎಂಬುದು ಇದರಿಂದ ಸಿದ್ಧ.

ಹಾಗಾದರೆ ರೂಪಾಂತರವನ್ನು ತೂಗುವುದು ಹೇಗೆ? ಸಿದ್ಧಾಂತಕ್ಕೆ 'ಗುಲಾಬಿ ಟಾಕೀಸ್' ಒಂದೇ ಸಾಕು. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಸೂಲಗಿತ್ತಿ ಗುಲಾಬಿ ಅಲ್ಲಿ ಹೆಂಗಸರ ಗೇಟು ಕಾಯುತ್ತಾಳೆ. ಗಿರೀಶ್ ಕಾಸರವಳ್ಳಿ 2008ರಲ್ಲಿ ಆ ಟಾಕೀಸನ್ನೇ ಎತ್ತಿ ಹೊರಗಿಟ್ಟರು. ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ತಂದು, ಕುಂದಾಪುರದ ಕಡೆಯ ಮೀನುಗಾರರ ನಡುವೆ ಇರುವ ಗುಲಾಬಿಯ ಮನೆಗೆ ಬಣ್ಣದ ಟಿ.ವಿ.ಯನ್ನೂ ಡಿಶ್ ಆಂಟೆನಾವನ್ನೂ ತರಿಸಿದರು. ಕೇರಿಯ ಹೆಂಗಸರು ಅವಳ ಮನೆಯಲ್ಲೇ ಬಂದು ಕೂತರು. ಮೂಲನಿಷ್ಠೆಯ ತಕ್ಕಡಿಯಲ್ಲಿ ಇದು ಪೂರಾ ದ್ರೋಹ, ಹೆಸರಿನಲ್ಲಿರುವ ಟಾಕೀಸೇ ಮಾಯ! ಆದರೂ ತೆರೆಯೊಂದು ಊರಿಗೆ ಬಂದಾಗ ಹೆಂಗಸರಿಗೆ ಏನು ತೆರೆದುಕೊಳ್ಳುತ್ತದೆ, ಗಂಡಸರಿಗೆ ಯಾಕೆ ಇರುಸುಮುರುಸಾಗುತ್ತದೆ ಎಂಬ ಪ್ರಶ್ನೆ ಎರಡರಲ್ಲೂ ಜೀವಂತವಾಗಿದೆ. ಟಾಕೀಸಿನಿಂದ ಮನೆಗೆ ಸಿನಿಮಾ ವಲಸೆ ಬಂದ ಕಾಲಕ್ಕೆ ಕಥೆಯೂ ವಲಸೆ ಬಂದಿತು, ಅಷ್ಟೆ. ಉಮಾಶ್ರೀ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತೆಂದರೂ ಚಿಕ್ಕಪ್ಪ ಕೇಳುವುದು ಒಂದೇ: 'ಮತ್ತೆ ಟಾಕೀಸ್ ಎಲ್ಲಿ?'

ಓದುಗರೆಲ್ಲ ವಿಘ್ನಕಾರಕರೆಂದು ಅಪಾರ್ಥ ಮಾಡಿಕೊಳ್ಳಬಾರದು. ತೇಜಸ್ವಿಯವರ ಪುಟ್ಟ ಕಥೆ 'ಡೇರ್‌ಡೆವಿಲ್ ಮುಸ್ತಾಫಾ' 2023ರಲ್ಲಿ ಪೂರ್ಣ ಚಿತ್ರವಾದದ್ದು ಅವರ ಅಭಿಮಾನಿಗಳು ಕೈಯಿಂದ ಹಣ ಹಾಕಿದ್ದರಿಂದ. ಸ್ವಂತ ದುಡ್ಡು ಹಾಕಿದವನು ಕಥೆ ಹಿಗ್ಗಿದ್ದನ್ನು ಎಷ್ಟು ಉದಾರವಾಗಿ ಕ್ಷಮಿಸುತ್ತಾನೆ ಎಂಬುದನ್ನು ಮುಂದಿನ ಶಾಸ್ತ್ರಕಾರರು ಪರಿಶೀಲಿಸಲಿ.

ಅವರಿಗೆ ಇನ್ನೂ ಕಠಿಣವಾದ ಕೆಲಸ ಬಾಕಿಯಿದೆ. ಶಿವರಾಮ ಕಾರಂತರ ಚೋಮ 1933ರಿಂದ 1975ರವರೆಗೆ ಪ್ರತಿ ಓದುಗನಿಗೂ ಒಂದೊಂದು ಮುಖ ತೋರಿಸಿದ, ಬಿ.ವಿ. ಕಾರಂತರ ಚಿತ್ರ ಬಂದ ಮೇಲೆ ಅವನಿಗೆ ವಾಸುದೇವ ರಾವ್ ಮುಖವೇ ಗಟ್ಟಿ. 'ನಾಗರಹಾವು' ಕಥೆಯ ಚಾಮಯ್ಯ ಮೇಷ್ಟ್ರು ಪುಸ್ತಕದೊಳಗೂ ಕೆ.ಎಸ್. ಅಶ್ವತ್ಥ್ ದನಿಯಲ್ಲೇ ರಾಮಾಚಾರಿಯನ್ನು ಕರೆಯುತ್ತಾರೆ. ಸಿನಿಮಾ ನೋಡಿದ ಮೇಲೆ ಕಾದಂಬರಿ ಓದುವವರನ್ನು ಕಾಡುವ ಈ ಒಂಬತ್ತನೆಯ ವಿಘ್ನಕ್ಕೆ ಯಾವ ರಿಮೋಟಿನಲ್ಲೂ ಬಟನ್ ಇಲ್ಲ.