ಟೀವಿಗೊಂದು ತಂತಿ

ಮನೆಯ ಕಂಪ್ಯೂಟರನ್ನು ಟೀವಿಗೆ ಜೋಡಿಸುವುದು ಒಬ್ಬರಿಂದಾಗುವ ಕೆಲಸವಲ್ಲ. ಮೊಬೈಲ್ ಟಾರ್ಚ್ ಹಿಡಿದು ಟೀವಿಯ ಹಿಂದಿನ ಸಂದಿಯಲ್ಲಿ ತಲೆ ತೂರಿಸಲು ಒಬ್ಬರು, ರಿಮೋಟ್ ಒತ್ತಲು ಒಬ್ಬರು, "ಬಂತು ಬಂತು... ಅಯ್ಯೋ ಹೋಯ್ತು" ಎಂದು ಕಾಮೆಂಟರಿ ಕೊಡಲು ಒಬ್ಬರು ಬೇಕೇ ಬೇಕು. ನಮ್ಮಲ್ಲಿ ಆ ಮೂರನೆಯ ಹುದ್ದೆ ಅತ್ತೆಯವರದು. ಧಾರಾವಾಹಿಯ ಹೊತ್ತು ಹತ್ತಿರವಾದಂತೆ ಕಾಮೆಂಟರಿಗೆ ಖಾರ ಏರುತ್ತದೆ.

"ನೋ ಸಿಗ್ನಲ್" ಫಲಕ ಪರದೆಯ ಮೂಲೆಯಿಂದ ಮೂಲೆಗೆ ತೇಲತೊಡಗಿದರೆ ಗಾಬರಿ ಬೇಡ. ತಂತಿ ಟೀವಿಯ ಎರಡನೇ ಎಚ್‌ಡಿಎಂಐ ಕಿಂಡಿಯಲ್ಲಿದೆ, ಟೀವಿ ಮೊದಲನೆಯದನ್ನು ನೋಡುತ್ತ ಕೂತಿದೆ, ಅಷ್ಟೇ. ಅದೂ ಸರಿಯಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಡ್ಯೂಪ್ಲಿಕೇಟ್' ಆರಿಸಿ. 'ಎಕ್ಸ್‌ಟೆಂಡ್' ಆರಿಸಿದಿರೋ, ಟೀವಿಯಲ್ಲಿ ಬರೀ ವಾಲ್‌ಪೇಪರ್. ಮೌಸಿನ ಬಾಣ ನೆರೆಮನೆಗೆ ಹೋದ ಬೆಕ್ಕಿನಂತೆ ನಾಪತ್ತೆ.

ಚಿತ್ರ ಬಂತು, ಮಾತಿಲ್ಲ. 1987ರಲ್ಲಿ ಬಂದ ಹಳೆಯ ವಿಜಿಎ ತಂತಿಗೆ ಧ್ವನಿ ಒಯ್ಯುವ ಯೋಗವೇ ಇರಲಿಲ್ಲ, ಪಾಪ. 2002ರ ಎಚ್‌ಡಿಎಂಐ ಎರಡನ್ನೂ ಹೊರುತ್ತದೆ. ಆದರೂ ಕೆಲವು ಕಂಪ್ಯೂಟರುಗಳು ತಮ್ಮ ಪುಟ್ಟ ಸ್ಪೀಕರಿನಲ್ಲೇ ಗೊಣಗುತ್ತವೆ. ಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಟೀವಿಯ ಹೆಸರು ತೋರಿಸಿಕೊಡಬೇಕು.

ಇನ್ನು ಪರದೆಯ ಅಂಚು ಕತ್ತರಿಸಿಹೋಗುವ ತಾಪತ್ರಯ. ಇದು ಓವರ್‌ಸ್ಕ್ಯಾನ್: ಡಬ್ಬಾ ಟೀವಿಗಳ ಕಾಲದಲ್ಲಿ ಚಿತ್ರದ ಒರಟು ಅಂಚು ಮುಚ್ಚಿಡಲು ಮಾಡಿಕೊಂಡ ಏರ್ಪಾಡು. ಡಬ್ಬಾ ಗುಜರಿಗೆ ಹೋಯಿತು, ಚಾಳಿ ಉಳಿಯಿತು. ಪಿಕ್ಚರ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಎಂದೇನಾದರೂ ಇದ್ದರೆ ಅದನ್ನು ಹಿಡಿಯಿರಿ.

ಇಷ್ಟಾದ ಮೇಲೂ ಕ್ಲೈಮ್ಯಾಕ್ಸ್ ಹೊತ್ತಿಗೆ ಕಂಪ್ಯೂಟರು ಅಪ್‌ಡೇಟ್‌ಗೆ ಕೂತರೆ, ತಂತಿಯನ್ನು ಮಾತ್ರ ಬೈಯಬೇಡಿ.